ಬಾತುಕೋಳಿಯ ಅಂಗಾಲಿನ ಹುಣ್ಣು

ನೀರಿನ ಮೇಲೆ ತೇಲುವ ಬಾತುಕೋಳಿಯ ಕಾಲುಗಳು ಅದರ ದೇಹದ ಭಾರವನ್ನು ಹೊರುವುದಿಲ್ಲ. ಆ ಭಾರವನ್ನು ನೀರೇ ಎತ್ತಿ ಹಿಡಿದಿರುತ್ತದೆ. ಕಾಲುಗಳಿಗೆ ಉಳಿಯುವುದು ಹುಟ್ಟು ಹಾಕುವ ಕೆಲಸವೊಂದೇ. ಹಕ್ಕಿಯು ದಡವನ್ನು ಏರಿದೊಡನೆ ಸ್ಥಿತಿಯು ಬದಲಾಗುತ್ತದೆ. ಆಗ ಇಡೀ ದೇಹದ ತೂಕವು ಎರಡು ಅಂಗಾಲುಗಳ ಮೇಲೆ ಬೀಳುತ್ತದೆ. ದಡದಲ್ಲಿ ಕೆಸರೋ ಹುಲ್ಲೋ ಇದ್ದರೆ ನೆಲವು ಪಾದದ ಆಕಾರಕ್ಕೆ ತಕ್ಕಂತೆ ತಗ್ಗಿ, ತೂಕವು ಪಾದದ ಅಗಲಕ್ಕೂ ಹಂಚಿಹೋಗುತ್ತದೆ. ಆದರೆ ಮನೆಯ ಅಂಗಳದ ಸಿಮೆಂಟು ತಗ್ಗುವುದಿಲ್ಲ. ಅಲ್ಲಿ ಅಂಗಾಲಿನ ನಡುವಣ ದಿಂಬಿನಂತಹ ಸಣ್ಣ ಭಾಗವೇ ಬಹುಪಾಲು ಭಾರವನ್ನು ಹೊರಬೇಕಾಗುತ್ತದೆ.

ಬಾತುಗಳನ್ನು ಪ್ರೀತಿಯಿಂದ ಸಾಕುವವರು ಮೇಲಿಂದ ಮೇಲೆ ಕಾಣುವ ಕಾಲಿನ ಸೋಂಕೊಂದು ಹುಟ್ಟುವುದು ಇಲ್ಲಿಯೇ. ಇಂಗ್ಲಿಷಿನಲ್ಲಿ ಇದನ್ನು ಬಂಬಲ್‌ಫುಟ್ ಎನ್ನುತ್ತಾರೆ; ವೈದ್ಯರು ಇಟ್ಟಿರುವ ಹೆಸರು ಪೊಡೊಡರ್ಮಟೈಟಿಸ್. ರೋಗವನ್ನು ಬೆಳೆಸುವುದು ಸೂಕ್ಷ್ಮಜೀವಿಯಾದರೂ ಅದಕ್ಕೆ ಬಾಗಿಲು ತೆರೆಯುವುದು ಒತ್ತಡ. ಆದುದರಿಂದ ಹುಣ್ಣಿಗೆ ಮದ್ದು ಹಚ್ಚಿ ನೆಲವನ್ನು ಹಾಗೆಯೇ ಬಿಟ್ಟರೆ ಮಾಡಿದ ಉಪಚಾರವೆಲ್ಲವೂ ವ್ಯರ್ಥವಾಗುತ್ತದೆ. ಭೌತಶಾಸ್ತ್ರವನ್ನು ಬೋಧಿಸುವ ನಾವು ಪಶುವೈದ್ಯಕ್ಕೆ ಸೇರಿದ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಇದೇ ಕಾರಣ.

ಭಾರ ಮತ್ತು ಪಾದ

ಮಸ್ಕವಿ ಎಂಬ ಒಂದು ಜಾತಿಯನ್ನು ಬಿಟ್ಟರೆ, ನಾವು ಸಾಕುವ ಬಾತುಗಳೆಲ್ಲವೂ ಮ್ಯಾಲರ್ಡ್ ಎಂಬ ಕಾಡುಬಾತಿನ ಸಂತತಿಗೆ ಸೇರಿದವು. ಮ್ಯಾಲರ್ಡಿನ ತೂಕ ಸುಮಾರು ೧ ಕಿಲೋಗ್ರಾಂ. ಅದೇ ವಂಶದ ಬಿಳಿಯ ಪೆಕಿನ್ ಬಾತು ಸುಮಾರು ೪ ಕಿಲೋಗ್ರಾಂ ತೂಗುತ್ತದೆ. ಆಕಾರವು ಬದಲಾಗದೆ ಗಾತ್ರವು ಮಾತ್ರ ಹೆಚ್ಚಿದಾಗ ತೂಕವು ಉದ್ದದ ಘನದಂತೆಯೂ, ಪಾದದ ವಿಸ್ತೀರ್ಣವು ಉದ್ದದ ವರ್ಗದಂತೆಯೂ ಬೆಳೆಯುತ್ತದೆ. ಗೆಲಿಲಿಯೋ ೧೬೩೮ರಷ್ಟು ಹಿಂದೆಯೇ ಪ್ರಕಟಿಸಿದ ವಿಚಾರವಿದು. ಇದರಂತೆ ತೂಕವು ನಾಲ್ಕು ಪಟ್ಟಾದರೆ ಪಾದದ ವಿಸ್ತೀರ್ಣವು ಸುಮಾರು ಎರಡೂವರೆ ಪಟ್ಟು ಮಾತ್ರ ಆಗುತ್ತದೆ. ಅಂದರೆ ಅಂಗಾಲಿನ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಒತ್ತಡವು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ದೊಡ್ಡ ತಳಿಯ ಬಾತುಗಳೂ ಅತಿಯಾಗಿ ತಿಂದು ಕೊಬ್ಬಿದ ಬಾತುಗಳೂ ಈ ರೋಗಕ್ಕೆ ಬೇಗ ಈಡಾಗುವುದರ ಗುಟ್ಟು ಇದರಲ್ಲಿದೆ.

ಎತ್ತರದಿಂದ ಧುಮುಕುವಾಗ ಪೆಟ್ಟು ಇನ್ನೂ ಹೆಚ್ಚು. ಬಾತು ೪೦ ಸೆಂಟಿಮೀಟರ್ ಎತ್ತರದ ಕಟ್ಟೆಯಿಂದ ಹಾರಿ, ಕಾಲು ಮಡಿಸಿ ೫ ಸೆಂಟಿಮೀಟರಿನೊಳಗೆ ನಿಂತಿತೆಂದು ಭಾವಿಸೋಣ. ರೆಕ್ಕೆಯ ಸಹಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಆ ಕ್ಷಣದಲ್ಲಿ ಪಾದಗಳ ಮೇಲಣ ಸರಾಸರಿ ಬಲವು ಅದರ ತೂಕದ ಒಂಬತ್ತು ಪಟ್ಟಾಗುತ್ತದೆ. ಕೆಳಗೆ ಹರಳುಕಲ್ಲೋ ಮರದ ಸಿಬಿರೋ ಇದ್ದರೆ ಚರ್ಮವು ಒಡೆಯದೆ ಇರುವುದೇ ಆಶ್ಚರ್ಯ.

ಸೂಕ್ಷ್ಮಜೀವಿಯ ಪಾತ್ರ

ಹೀಗೆ ಸವೆದ ಅಥವಾ ಸೀಳಿದ ಚರ್ಮದ ಮೂಲಕ ಒಳಸೇರುವ ಜೀವಿಗಳಲ್ಲಿ ಮುಖ್ಯವಾದುದು ಸ್ಟೆಫೈಲೊಕಾಕಸ್ ಆರಿಯಸ್. ಕೀವಿನಲ್ಲಿ ದ್ರಾಕ್ಷಿಯ ಗೊಂಚಲಿನಂತೆ ಗುಂಪುಗೂಡುವ ಈ ಬಗೆಯ ಜೀವಿಗಳನ್ನು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ೧೮೮೦ರಲ್ಲಿ ಗುರುತಿಸಿ, ೧೮೮೨ರಲ್ಲಿ ಅವುಗಳಿಗೆ ಈ ಗ್ರೀಕ್ ಮೂಲದ ಹೆಸರನ್ನಿತ್ತನು. ಇವು ಚರ್ಮದ ಮೇಲೆ ಸಾಮಾನ್ಯವಾಗಿಯೇ ಇರುತ್ತವೆ. ಚರ್ಮವು ಅಖಂಡವಾಗಿರುವವರೆಗೆ ಇವುಗಳಿಂದ ಕೇಡಿಲ್ಲ.

ಇಲ್ಲಿ ಹಕ್ಕಿಗಳ ವಿಶೇಷವೊಂದನ್ನು ನಾವು ತಿಳಿದಿರಬೇಕು. ನಮ್ಮ ಗಾಯದ ಕೀವು ದ್ರವರೂಪದಲ್ಲಿರುತ್ತದೆ, ಒಡೆದರೆ ಹರಿದುಹೋಗುತ್ತದೆ. ಹಕ್ಕಿಗಳ ಬಿಳಿಯ ರಕ್ತಕಣಗಳಲ್ಲಿ, ಮನುಷ್ಯರ ರಕ್ತಕಣಗಳಲ್ಲಿರುವ ಮೈಯೆಲೊಪೆರಾಕ್ಸಿಡೇಸ್ ಎಂಬ ಕಿಣ್ವವಿಲ್ಲ. ಆದುದರಿಂದ ಅವುಗಳ ಕೀವು ಕರಗದೆ ಗಿಣ್ಣಿನಂತೆ ಗಟ್ಟಿಯಾಗಿ ಅಲ್ಲಿಯೇ ಕೂರುತ್ತದೆ. ಅದನ್ನು ಹಿಸುಕಿದರೆ ಹೊರಬರುವುದಿಲ್ಲ. ಬದಲಾಗಿ ಸೋಂಕು ಇನ್ನೂ ಆಳಕ್ಕೆ ಇಳಿಯುವ ಸಂಭವವುಂಟು. ರಕ್ತಸಂಚಾರವಿಲ್ಲದ ಆ ಗಟ್ಟಿಯೊಳಕ್ಕೆ ಔಷಧವೂ ಸುಲಭವಾಗಿ ಸೇರಲಾರದು.

ಗುರುತಿಸುವ ಬಗೆ

ಹಕ್ಕಿಗಳು ನೋವನ್ನು ಮರೆಮಾಚುತ್ತವೆ. ಬೇಟೆಯ ಪ್ರಾಣಿಗಳ ಕಣ್ಣಿಗೆ ದುರ್ಬಲವಾಗಿ ಕಾಣುವುದು ಅಪಾಯವಾದ ಕಾರಣ ಅವುಗಳಿಗೆ ಇದು ಸಹಜಗುಣ. ಬಾತು ಕುಂಟತೊಡಗಿದಾಗ ರೋಗವು ಎಷ್ಟೋ ದೂರ ಸಾಗಿರಬಹುದು. ಆದುದರಿಂದ ವಾರಕ್ಕೊಮ್ಮೆಯಾದರೂ ಅಂಗಾಲನ್ನು ನೋಡುವುದು ಒಳ್ಳೆಯದು. ರೆಕ್ಕೆಗಳನ್ನು ಒಂದು ದಪ್ಪ ಬಟ್ಟೆಯಿಂದ ಸುತ್ತಿ, ದೇಹವನ್ನು ತೊಡೆಯ ಮೇಲೆ ಇಟ್ಟುಕೊಂಡು ಪರೀಕ್ಷಿಸಬೇಕು. ಕಾಲು ಹಿಡಿದು ಎತ್ತಕೂಡದು.

ಮೊದಲ ಹಂತದಲ್ಲಿ ಅಂಗಾಲಿನ ಚರ್ಮವು ತೆಳುವಾಗಿ, ನುಣುಪಾಗಿ, ಕೆಂಪಗೆ ಕಾಣುತ್ತದೆ. ಇಲ್ಲವೆ ಆಣಿಯಂತೆ ಜಡ್ಡುಗಟ್ಟಿರುತ್ತದೆ. ಆಗ ಹುಣ್ಣಿರುವುದಿಲ್ಲ. ಎರಡನೆಯ ಹಂತದಲ್ಲಿ ನಡುವೆ ಕಪ್ಪು ಇಲ್ಲವೆ ಕಂದುಬಣ್ಣದ ಹಕ್ಕಳೆ ಕಟ್ಟಿ ಸುತ್ತಲೂ ಊದಿಕೊಳ್ಳುತ್ತದೆ. ಮೂರನೆಯ ಹಂತದಲ್ಲಿ ಊತವು ಬೆರಳುಗಳಿಗೂ ಕೀಲಿಗೂ ಹರಡಿ, ಸ್ನಾಯುರಜ್ಜು ಮತ್ತು ಎಲುಬುಗಳು ಸೋಂಕಿಗೆ ತುತ್ತಾಗುತ್ತವೆ. ಆಗ ಹಕ್ಕಿಯು ಮೇವು ಬಿಟ್ಟು ಕುಳಿತಲ್ಲಿಯೇ ಕುಳಿತಿರುತ್ತದೆ. ಸೋಂಕು ರಕ್ತಕ್ಕೆ ಸೇರಿದರೆ ಸಾಯಲೂಬಹುದು.

ಶಾಖವೂ ಒಂದು ಗುರುತು. ಬಾತಿನ ಕಾಲಿನಲ್ಲಿ ಕೆಳಗಿಳಿಯುವ ಬಿಸಿರಕ್ತದ ನಾಳಗಳೂ ಮೇಲೇರುವ ತಂಪುರಕ್ತದ ನಾಳಗಳೂ ಒತ್ತೊತ್ತಾಗಿರುವುದರಿಂದ ಶಾಖವು ಒಂದರಿಂದ ಇನ್ನೊಂದಕ್ಕೆ ಹರಿದು ದೇಹಕ್ಕೆ ಹಿಂದಿರುಗುತ್ತದೆ, ಪಾದವು ತಂಪಾಗಿರುತ್ತದೆ. ಎರಡು ಪಾದಗಳನ್ನೂ ಮುಟ್ಟಿ ಹೋಲಿಸಿದಾಗ ಒಂದು ಬಿಸಿಯಾಗಿದ್ದರೆ ಅಲ್ಲಿ ಉರಿಯೂತವಿದೆಯೆಂದು ಶಂಕಿಸಬೇಕು.

ಕುಂಟುವುದೆಲ್ಲವೂ ಈ ರೋಗವಲ್ಲ. ಮರಿಗಳ ಕಾಲು ಸೊಟ್ಟಗಾಗಿ ಅಂಗಾಲು ಮಾತ್ರ ಶುದ್ಧವಾಗಿದ್ದರೆ ನಯಾಸಿನ್ ಎಂಬ ಜೀವಸತ್ವದ ಕೊರತೆಯಿರಬಹುದು. ಕೋಳಿಮರಿಗಿಂತ ಬಾತಿನ ಮರಿಗೆ ಇದು ಹೆಚ್ಚಾಗಿ ಬೇಕು.

ಚಿಕಿತ್ಸೆ

ಮೊದಲ ಹಂತಕ್ಕೆ ಮನೆಯ ಉಪಚಾರವೇ ಸಾಕಾಗಬಹುದು. ದೃಢವಾದ ನೆಲವನ್ನು ತಪ್ಪಿಸಿ ಒಣಗಿದ ಮೆತ್ತನೆಯ ಹಾಸಿಗೆಯನ್ನು ಒದಗಿಸಬೇಕು. ಈಜಲು ಶುದ್ಧವಾದ ನೀರು ಕೊಡಬೇಕು. ಈಜುವಷ್ಟು ಹೊತ್ತೂ ಪಾದಕ್ಕೆ ವಿಶ್ರಾಂತಿ ದೊರೆಯುತ್ತದೆ.

ಹಕ್ಕಳೆ ಕಂಡರೆ ಪಶುವೈದ್ಯರಲ್ಲಿಗೆ ಒಯ್ಯುವುದೇ ಸರಿ. ಅಲ್ಲಿಯವರೆಗೆ, ಎಪ್ಸಮ್ ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಪಾದವನ್ನು ೧೦ರಿಂದ ೧೫ ನಿಮಿಷ ನೆನೆಸಬಹುದು. ಈ ನೀರು ಭೇದಿಕಾರಕವಾದುದರಿಂದ ಹಕ್ಕಿಯು ಅದನ್ನು ಕುಡಿಯದಂತೆ ನೋಡಿಕೊಳ್ಳಬೇಕು. ಬಳಿಕ ಪಾದವನ್ನು ಒರಸಿ, ತೆಳು ಚಹದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೊಡಿನ್ ದ್ರಾವಣದಿಂದ ತೊಳೆದು, ಶುಭ್ರವಾದ ಪಟ್ಟಿಯನ್ನು ಬಿಗಿಯಾಗದಂತೆ ಕಟ್ಟಬೇಕು. ಪಟ್ಟಿಯು ಒದ್ದೆಯಾದರೆ ಬದಲಾಯಿಸಬೇಕು. ಹುಣ್ಣು ತೆರೆದಿರುವಾಗ ಕೊಳಕು ಕೊಳದಲ್ಲಿ ಬಿಡಬಾರದು. ಇದೇ ಜೀವಿಯು ಮನುಷ್ಯರ ಗಾಯಕ್ಕೂ ತಗುಲಬಲ್ಲುದಾದ ಕಾರಣ ಕೈಗವಸು ಧರಿಸುವುದೂ, ಬಳಿಕ ಸೋಪಿನಿಂದ ಕೈ ತೊಳೆಯುವುದೂ ಅಗತ್ಯ. ನೋವು ಮರೆಸುವ ಮುಲಾಮುಗಳಲ್ಲಿ ಕೆಲವು ಹಕ್ಕಿಗಳಿಗೆ ವಿಷವಾಗಬಹುದು. ಅವನ್ನು ಕೇಳದೆ ಹಚ್ಚಕೂಡದು.

ಮನೆಯಲ್ಲಿ ಬ್ಲೇಡಿನಿಂದ ಕೊಯ್ದು ಗಟ್ಟಿ ಕೀವನ್ನು ತೆಗೆಯುವ ಸಾಹಸವನ್ನು ಕೆಲವರು ಮಾಡುತ್ತಾರೆ. ಪಾದದಲ್ಲಿ ಸ್ನಾಯುರಜ್ಜು, ರಕ್ತನಾಳಗಳು ಚರ್ಮಕ್ಕೆ ತೀರ ಸಮೀಪದಲ್ಲಿವೆ. ಅರಿವಳಿಕೆಯಿಲ್ಲದೆ ಕೊಯ್ಯುವುದು ಕ್ರೌರ್ಯವೂ ಅಹುದು. ವೈದ್ಯರು ಕ್ಷ-ಕಿರಣದ ಚಿತ್ರದಿಂದ ಎಲುಬಿನ ಸ್ಥಿತಿಯನ್ನು ತಿಳಿಯುತ್ತಾರೆ. ಕೀವಿನ ಮಾದರಿಯಲ್ಲಿನ ಜೀವಿಯನ್ನು ಬೆಳೆಸಿ, ಅದಕ್ಕೆ ಯಾವ ಪ್ರತಿಜೈವಿಕ ಔಷಧವು ನಾಟುವುದೆಂದು ನಿರ್ಧರಿಸುತ್ತಾರೆ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಅಂದಾಜಿನಿಂದ ಕೊಟ್ಟರೆ ಜೀವಿಯು ಔಷಧಕ್ಕೆ ಬಗ್ಗದಂತಾಗಬಹುದು. ಔಷಧದ ಅಂಶವು ಮೊಟ್ಟೆಗೂ ಸೇರುವುದರಿಂದ, ಎಷ್ಟು ದಿನ ಮೊಟ್ಟೆ ತಿನ್ನಬಾರದೆಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಮತ್ತೆ ಬಾರದಂತೆ

ರಾತ್ರಿಯ ಗೂಡಿನಲ್ಲಿ ಒಣಹುಲ್ಲು ಅಥವಾ ಮರದ ಸಿಪ್ಪೆಯನ್ನು ದಪ್ಪವಾಗಿ ಹರಡಿ, ಒದ್ದೆಯಾದುದನ್ನು ಆಗಾಗ ತೆಗೆಯಬೇಕು. ಬೂಷ್ಟು ಹಿಡಿದ ಹುಲ್ಲು ಶ್ವಾಸಕೋಶಕ್ಕೆ ಕೇಡು. ತಂತಿಬಲೆಯ ನೆಲವು ಬೇಡ. ಎತ್ತರದ ಬಾಗಿಲಿಗೆ ಇಳಿಜಾರಾದ ಹಲಗೆಯನ್ನು ಇಟ್ಟರೆ ಧುಮುಕುವ ಪ್ರಸಂಗವೇ ಬಾರದು. ಬರಿಯ ಅನ್ನ, ಬ್ರೆಡ್ಡುಗಳಿಂದ ಹಕ್ಕಿಯು ಕೊಬ್ಬುತ್ತದೆ. ಚರ್ಮದ ಆರೋಗ್ಯಕ್ಕೆ ಬೇಕಾದ ಎ ಜೀವಸತ್ವವು ಅದಕ್ಕೆ ದೊರೆಯುವುದಿಲ್ಲ. ಬಾತಿಗೆ ತಕ್ಕ ಮೇವಿನೊಡನೆ ಹಸಿರು ಸೊಪ್ಪನ್ನೂ ಕೊಡಬೇಕು.

ಇವುಗಳಲ್ಲಿ ಯಾವುದೂ ದುಬಾರಿಯ ಕೆಲಸವಲ್ಲ. ಎಲುಬಿಗೆ ಇಳಿದ ಸೋಂಕನ್ನು ಗುಣಪಡಿಸಲು ತಿಂಗಳುಗಳೇ ಹಿಡಿಯಬಹುದು, ಎಷ್ಟೋ ವೇಳೆ ಆ ಪ್ರಯತ್ನವು ಫಲಿಸುವುದೂ ಇಲ್ಲ. ಆದರೆ ಕೆಂಪಾದ ಅಂಗಾಲನ್ನು ಆ ವಾರವೇ ಕಂಡವನಿಗೆ ಒಂದು ಕಂತೆ ಒಣಹುಲ್ಲು ಮತ್ತು ಒಂದು ತೊಟ್ಟಿ ಶುದ್ಧನೀರು ಇವೆರಡೇ ಸಾಕಾದೀತು.