ತಡವಾಗಿ ಚಿಗುರುವ ಹಿಕರಿ

ಅಮೆರಿಕದ ಮಿಸಿಸಿಪ್ಪಿ ನದಿಯ ಕೆಳಹರಿವಿನ ತಗ್ಗುಕಾಡುಗಳಿಗೆ ಚಳಿಗಾಲದ ಕೊನೆಯಲ್ಲಿ ನೆರೆ ನುಗ್ಗುತ್ತದೆ. ಜಿಗುಟು ಮಣ್ಣಿನ ಗುಂಡಿಗಳಲ್ಲಿ ನೀರು ವಾರಗಟ್ಟಲೆ ಇಂಗದೆ ನಿಲ್ಲುತ್ತದೆ. ವಸಂತ ಬಂದು ಅಕ್ಕಪಕ್ಕದ ಮರಗಳು ಹಸಿರಾದರೂ ವಾಟರ್ ಹಿಕರಿ ಬೋಳಾಗಿಯೇ ಇರುತ್ತದೆ.

ಇದು ಅಕ್ರೋಟಿನ ಕುಟುಂಬದ ಮರ, ಪೀಕಾನ್‌ಗೆ ಹತ್ತಿರದ ನೆಂಟ. ವೈಜ್ಞಾನಿಕ ಹೆಸರು ಕಾರ್ಯಾ ಅಕ್ವಾಟಿಕಾ. ಹಿಕರಿಗಳಲ್ಲಿ ಹೆಚ್ಚಿನವು ನೀರು ಬಸಿದುಹೋಗುವ ನೆಲವನ್ನೇ ಬಯಸುತ್ತವೆ; ಇದು ಮಾತ್ರ ಜೌಗಿಗೆ ಒಗ್ಗಿಕೊಂಡಿದೆ. ಅದರಲ್ಲಿ ಈ ತಡ ಚಿಗುರಿನ ಪಾತ್ರ ದೊಡ್ಡದು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಹಾಗಾಗಿ ನೀರು ತುಂಬಿದ ಮಣ್ಣಿನಲ್ಲಿ ಬೇರುಗಳಿಗೆ ಉಸಿರು ಕಟ್ಟುತ್ತದೆ. ಎಲೆಯಿಲ್ಲದೆ ಮಲಗಿರುವ ಮರಕ್ಕೆ ಬೇಕಾದ ಆಮ್ಲಜನಕ ತೀರಾ ಕಡಿಮೆ. ಚಿಗುರು ಬಿಟ್ಟ ಮರಕ್ಕೆ ಹೆಚ್ಚು ಬೇಕು. ನೆರೆ ಇಳಿಯುವವರೆಗೆ ಕಾಯುವ ಮರಕ್ಕೆ ಅಪಾಯ ಅಷ್ಟರಮಟ್ಟಿಗೆ ತಗ್ಗುತ್ತದೆ.

ಮರ ವ್ಯಾಪಾರಿಗಳಿಗೆ ಇದರ ಮೇಲೆ ಒಲವಿಲ್ಲ. ಇದರ ದಿಮ್ಮಿ ವರ್ಷದ ಬಳೆಗಳ ಉದ್ದಕ್ಕೂ ಸೀಳು ಬಿಡುತ್ತದೆ. ಒಳ್ಳೆಯ ಓಕ್, ಆ್ಯಶ್ ಮರಗಳನ್ನು ಕಡಿದು ಇದನ್ನು ಬಿಟ್ಟುಹೋದ ಕಾಡುಗಳಲ್ಲಿ ಇದರ ಪಾಲು ಹೆಚ್ಚಿದೆ. ಅದನ್ನು ಕಾಡು ಕೆಟ್ಟ ಲಕ್ಷಣ ಎನ್ನುವವರಿದ್ದಾರೆ. ದಿಮ್ಮಿಯ ಬೆಲೆಯನ್ನಷ್ಟೇ ನೋಡಿದರೆ ಸರಿ. ಆದರೆ ಮರ ಮಾಡುವ ಕೆಲಸ ನೋಡಿದರೆ ಈ ತೀರ್ಪು ಅನ್ಯಾಯದ್ದು ಎಂದೇ ನನಗನಿಸುತ್ತದೆ. ಕಾಂಡಗಳ ನಡುವೆ ನೆರೆಯ ವೇಗ ಇಳಿಯುತ್ತದೆ, ನೀರು ಹೊತ್ತು ತಂದ ಹೂಳು ಅಲ್ಲೇ ಕೂರುತ್ತದೆ. ಹೊಲಗಳಿಂದ ತೊಳೆದು ಬಂದ ನೈಟ್ರೇಟನ್ನು ಆಮ್ಲಜನಕವಿಲ್ಲದ ಮಣ್ಣಿನ ಬ್ಯಾಕ್ಟೀರಿಯಾಗಳು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಹೀಗೆ ಸೋಸದ ನೈಟ್ರೇಟ್ ಮೆಕ್ಸಿಕೋ ಕೊಲ್ಲಿ ಸೇರಿದರೆ ಪಾಚಿ ಉಕ್ಕುತ್ತದೆ. ಅದು ಕೊಳೆಯುವಾಗ ತಳದ ನೀರಿನ ಆಮ್ಲಜನಕ ಬರಿದಾಗುತ್ತದೆ. 2017ರಲ್ಲಿ ಅಲ್ಲಿನ ಇಂಥ ನಿರ್ಜೀವ ವಲಯ 22,000 ಚದರ ಕಿಲೋಮೀಟರಿಗೂ ಮೀರಿ ಹರಡಿತ್ತು.

1927ರ ಮಹಾಪ್ರವಾಹದ ನಂತರ ನದಿಯುದ್ದಕ್ಕೂ ಒಡ್ಡುಗಳು ಬಲವಾದವು. ನೆರೆ ತಪ್ಪಿದ ತಗ್ಗುಗಳಲ್ಲೂ ಕಾಡು ಕಡಿದು ಸೋಯಾ ಬಿತ್ತಿದರು. ಈ ಕಣಿವೆಯ ಮೂಲ ಕಾಡಿನಲ್ಲಿ ಉಳಿದಿರುವುದು ಸುಮಾರು ಕಾಲು ಭಾಗ.

ಪಾಳುಬಿದ್ದ ಹೊಲಗಳಲ್ಲಿ ಈಗ ಮತ್ತೆ ಸಸಿ ನೆಡುತ್ತಿದ್ದಾರೆ, ಹೆಚ್ಚಾಗಿ ಓಕ್ ಸಸಿಗಳನ್ನು. ಹಿಕರಿ ತಾನಾಗಿ ಅಲ್ಲಿಗೆ ಬರುವುದು ಕಷ್ಟ. ಅದರ ಚಪ್ಪಟೆ ಕಾಯಿ ಗಾಳಿಯಲ್ಲಿ ಹಾರುವಂಥದ್ದಲ್ಲ. ಕಹಿಯಾದರೂ ಅಳಿಲು, ಬಾತುಗಳು ತಿನ್ನುತ್ತವೆ. ಆದರೆ ದೂರಕ್ಕೆ ಒಯ್ಯುವ ಮುಖ್ಯ ವಾಹನ ನೆರೆಯೇ, ಏಕೆಂದರೆ ಕಾಯಿ ತೇಲುತ್ತದೆ. ಒಡ್ಡು ಅಡ್ಡ ನಿಂತಿರುವ ಕಡೆ ಆ ದಾರಿ ಮುಚ್ಚಿದೆ. ಲೂಸಿಯಾನಾದ ಮಾಲಿಸಿ ಫಾರ್ಮ್ಸ್‌ನಲ್ಲಿ 2010ರಲ್ಲಿ ಒಡ್ಡನ್ನು ಬೇಕೆಂದೇ ಅಲ್ಲಲ್ಲಿ ಒಡೆದು ವಾಶಿಟಾ ನದಿಯ ನೀರನ್ನು ಹಳೆಯ ಸೋಯಾ ನೆಲಕ್ಕೆ ಬಿಟ್ಟರು. ಅಂಥ ಕಡೆಗಳಲ್ಲಿ ಕಾಯಿಗಳು ನೀರಿನ ಜೊತೆಗೇ ಒಳಬರಬಹುದು.