ಬಿಚ್ಚಿದ ಬೆಲ್ಟು, ಮುಗಿಯದ ಹಾಡು

ಅಮೆರಿಕದ ನೈರುತ್ಯ ಭಾಗದ ಬಯಲು. ದೂರದಿಂದ ಬಂದ ಹಳೇ ಶೆವರ್ಲೆ ಸಬರ್ಬನ್ ಗಾಡಿಯೊಂದು ಪಾರ್ಕಿಂಗ್ ಜಾಗದಲ್ಲಿ ನಿಲ್ಲುತ್ತದೆ. ಅದರಿಂದಿಳಿದ 57ರ ಕಂಟ್ರಿ ಸಂಗೀತದ ಗಾಯಕ ಮೊದಲು ಮಾಡುವ ಕೆಲಸ, ದಾರಿಯುದ್ದಕ್ಕೂ ಕ್ಯಾನಿನಲ್ಲಿ ಹಿಡಿದಿಟ್ಟಿದ್ದ ಮೂತ್ರವನ್ನು ಅಲ್ಲೇ ಚೆಲ್ಲುವುದು. ಗಂಟೆಗಟ್ಟಲೆ ಗಾಡಿ ಓಡಿಸಿದ್ದಕ್ಕೆ ಪ್ಯಾಂಟಿನ ಬೆಲ್ಟು ಬಿಚ್ಚಿಕೊಂಡಿದೆ. ಅದನ್ನು ಬಿಗಿದುಕೊಳ್ಳುವ ಉತ್ಸಾಹವೂ ಅವನಿಗಿಲ್ಲ. ಆ ರಾತ್ರಿ ಅವನು ಹಾಡಬೇಕಾಗಿರುವುದು ಒಂದು ಬೌಲಿಂಗ್ ಆಟದ ಕೇಂದ್ರದಲ್ಲಿ. ಒಂದು ಕಾಲಕ್ಕೆ ಇವನ ಹಾಡುಗಳು ಮನೆಮನೆಯ ರೇಡಿಯೊದಲ್ಲಿದ್ದವು. ಈಗ ಇಲ್ಲಿನ ಬಾರಿನಲ್ಲಿ ಕುಡಿದದ್ದನ್ನು ಲೆಕ್ಕಕ್ಕೆ ಬರೆಸುವ ಸವಲತ್ತೂ ಅವನಿಗಿಲ್ಲ.

‘ಕ್ರೇಜಿ ಹಾರ್ಟ್’ ಚಿತ್ರದ ಬ್ಯಾಡ್ ಬ್ಲೇಕ್‌ನನ್ನು ನಾವು ಮೊದಲು ಕಾಣುವುದು ಹೀಗೆ. ಥಾಮಸ್ ಕಾಬ್ 1987ರಲ್ಲಿ ಬರೆದ ಕಾದಂಬರಿಯನ್ನು ಸ್ಕಾಟ್ ಕೂಪರ್ ಚಿತ್ರಕ್ಕೆ ತಂದರು. ಅದು ಅವರ ನಿರ್ದೇಶನದ ಮೊದಲ ಚಿತ್ರ. ಸುಮಾರು 70 ಲಕ್ಷ ಡಾಲರ್ ಖರ್ಚಿನಲ್ಲಿ, 24 ದಿನಗಳಲ್ಲಿ ಚಿತ್ರೀಕರಣ ಮುಗಿಯಿತು. ಹಾಲಿವುಡ್ಡಿನ ಲೆಕ್ಕಕ್ಕೆ ಇದು ಬಹಳ ಸಣ್ಣ ಮೊತ್ತ. ಚಿತ್ರಮಂದಿರವನ್ನೇ ಕಾಣದೆ ನೇರವಾಗಿ ಡಿವಿಡಿಗೆ ಹೋಗುವ ಸ್ಥಿತಿಯಲ್ಲಿ ಚಿತ್ರ ಇತ್ತು. ಕೊನೆಗೆ ಫಾಕ್ಸ್ ಸರ್ಚ್‌ಲೈಟ್ ಸಂಸ್ಥೆ ಕೊಂಡುಕೊಂಡು 2009ರ ಡಿಸೆಂಬರಿನಲ್ಲಿ ತೆರೆಗೆ ತಂದಿತು. ಮರುವರ್ಷದ ಮಾರ್ಚಿನಲ್ಲಿ, ಬ್ಲೇಕ್ ಪಾತ್ರ ಮಾಡಿದ ಜೆಫ್ ಬ್ರಿಜಸ್‌ಗೆ ಅತ್ಯುತ್ತಮ ನಟ ಆಸ್ಕರ್ ಬಂತು. ಅದಕ್ಕೂ ಮುಂಚೆ ನಾಲ್ಕು ಸಲ ನಾಮನಿರ್ದೇಶನಗೊಂಡು ಬರಿಗೈಯಲ್ಲಿ ಮರಳಿದ್ದವರು ಅವರು. ಏಪ್ರಿಲಿನಲ್ಲಿ ಡಿವಿಡಿ, ಬ್ಲೂ-ರೇ ಎರಡೂ ಅಂಗಡಿಗೆ ಬಂದವು.

ಈ ಚಿತ್ರವನ್ನು ಮನೆಯಲ್ಲಿ ನೋಡುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ, ದಕ್ಕುವುದೇ ಹೆಚ್ಚು ಎಂಬುದು ನನ್ನ ಗಟ್ಟಿ ನಂಬಿಕೆ. ಇಲ್ಲಿ ನೋಡಬೇಕಾದದ್ದು ಬಯಲಿನ ವಿಸ್ತಾರಕ್ಕಿಂತ ಹೆಚ್ಚಾಗಿ ಒಬ್ಬ ಕಸುಬುದಾರನ ಕೈ. ಮೋಟೆಲಿನ ಹಾಸಿಗೆಯ ಮೇಲೆ ಕೂತು ಬ್ರಿಜಸ್ ಗಿಟಾರಿನ ತಂತಿಯನ್ನು ಮೀಟಿ, ಬಿಟ್ಟು, ಮತ್ತೆ ಹಿಡಿಯುವಾಗ ರಿಮೋಟು ಒತ್ತಿ ಹಿಂದಕ್ಕೆ ಹೋಗಿ ನೋಡಿ. ಹೊಸ ಹಾಡಿನ ಒಂದು ತುಣುಕು ಆ ಬೆರಳುಗಳಲ್ಲಿ ದಾರಿ ಹುಡುಕುತ್ತಿರುತ್ತದೆ. ಟೆಕ್ಸಸ್ ಕಡೆಯ ಎಳೆದಾಡುವ ಇಂಗ್ಲಿಷ್ ನಮ್ಮ ಕಿವಿಗೆ ಸುಲಭವಾಗಿ ಹತ್ತುವುದಿಲ್ಲ, ಆದ್ದರಿಂದ ಸಬ್‌ಟೈಟಲ್ ಹಾಕಿಕೊಂಡೇ ನೋಡುವುದು ಒಳ್ಳೆಯದು.

ಬ್ಲೇಕ್ ಕುಡುಕ ಎನ್ನುವುದನ್ನು ಚಿತ್ರ ಎಲ್ಲೂ ಮುಚ್ಚಿಡುವುದಿಲ್ಲ. ಹಾಡುತ್ತಿದ್ದವನು ನಡುವೆಯೇ ಹಿಂಬಾಗಿಲಿನಿಂದ ಓಡಿಹೋಗಿ ಕಸದ ಡಬ್ಬಿಗೆ ವಾಂತಿ ಮಾಡುತ್ತಾನೆ. ಕಪ್ಪು ಕನ್ನಡಕ ಅದರೊಳಗೆ ಬೀಳುತ್ತದೆ. ಕೈ ಹಾಕಿ ಎತ್ತಿಕೊಂಡು ಬಂದು ಮತ್ತೆ ವೇದಿಕೆ ಹತ್ತುತ್ತಾನೆ. ಅದೇ ಮನುಷ್ಯ ಆಮೇಲೊಮ್ಮೆ ದೊಡ್ಡ ಕಾರ್ಯಕ್ರಮಕ್ಕೆ ಮುಂಚೆ ಧ್ವನಿ ಪರೀಕ್ಷೆಯ ಹೊತ್ತಿನಲ್ಲಿ ಮಿಕ್ಸರ್ ಮುಂದೆ ಕೂತವನ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ತನ್ನ ವಾದ್ಯ, ತನ್ನ ದನಿ ಕೇಳುಗರಿಗೆ ಹೇಗೆ ತಲುಪಬೇಕು ಎಂಬುದರಲ್ಲಿ ಅವನು ಒಂದಿಷ್ಟೂ ರಾಜಿಯಾಗುವುದಿಲ್ಲ. ಹಣ, ಹೆಸರು, ಹೆಂಡತಿ, ಮಗ ಎಲ್ಲ ಕೈಬಿಟ್ಟವನಲ್ಲಿ ಕಿವಿಯೊಂದು ಹಾಗೇ ಉಳಿದಿದೆ. ನನಗೆ ಇಡೀ ಚಿತ್ರದ ಜೀವ ಈ ಜಗಳದಲ್ಲಿದೆ.

ಆ ದೊಡ್ಡ ಕಾರ್ಯಕ್ರಮ ಅವನದಲ್ಲ, ಟಾಮಿ ಸ್ವೀಟ್‌ನದು. ಒಂದು ಕಾಲದಲ್ಲಿ ಬ್ಲೇಕ್‌ನ ಕೈಕೆಳಗೆ ಪಳಗಿದ ಹುಡುಗ ಈಗ ತಾರೆ. ಶಿಷ್ಯನ ಕಾರ್ಯಕ್ರಮಕ್ಕೆ ಗುರು ಮುಂಚಿತವಾಗಿ ಹಾಡಿ ಜನರನ್ನು ಬೆಚ್ಚಗಾಗಿಸಬೇಕು. ಬೇರೆ ಯಾರಾದರೂ ಆಗಿದ್ದರೆ ಟಾಮಿಯನ್ನು ಖಳನನ್ನಾಗಿ ಮಾಡುತ್ತಿದ್ದರು. ಕಾಲಿನ್ ಫ್ಯಾರೆಲ್ ಅವನನ್ನು ಋಣ ಮರೆಯದ, ಆದರೆ ಆ ಋಣವನ್ನು ತೀರಿಸುವ ಬಗೆ ತಿಳಿಯದ ಯುವಕನಾಗಿ ಆಡಿದ್ದಾರೆ. ಇಬ್ಬರೂ ಒಂದೇ ಮೈಕಿನ ಜಾಗಕ್ಕೆ ಬಂದು ಜೊತೆಯಲ್ಲಿ ಹಾಡುವ ದೃಶ್ಯದಲ್ಲಿ ಹೊಟ್ಟೆಕಿಚ್ಚೂ ಇದೆ, ಪ್ರೀತಿಯೂ ಇದೆ. ಇಬ್ಬರು ನಟರೂ ಸ್ವಂತ ದನಿಯಲ್ಲೇ ಹಾಡಿದ್ದಾರೆ.

ಹಾಡುಗಳು ನಂಬುವಂತಿಲ್ಲದಿದ್ದರೆ ಇಂಥ ಚಿತ್ರ ನಿಲ್ಲುವುದೇ ಇಲ್ಲ. ಬ್ರಿಜಸ್ ಮೊದಲು ಈ ಪಾತ್ರವನ್ನು ಒಪ್ಪದೇ ಇದ್ದದ್ದು ಸಂಗೀತದ ಹೊಣೆ ಹೊರುವವರು ಯಾರೂ ಇರಲಿಲ್ಲ ಎಂಬ ಕಾರಣಕ್ಕೆ. ಹಳೆಯ ಗೆಳೆಯ ಟಿ-ಬೋನ್ ಬರ್ನೆಟ್ ಬಂದ ಮೇಲೆ ಒಪ್ಪಿದರು. ಬರ್ನೆಟ್ ಜೊತೆಗೆ ಟೆಕ್ಸಸ್ಸಿನ ಗಿಟಾರ್ ವಾದಕ ಸ್ಟೀಫನ್ ಬ್ರೂಟನ್ ಸೇರಿದರು. ಗಾಯಕ ಕ್ರಿಸ್ ಕ್ರಿಸ್ಟೊಫರ್‌ಸನ್ ತಂಡದಲ್ಲಿ ವರ್ಷಗಟ್ಟಲೆ ಊರೂರು ಸುತ್ತಿ ನುಡಿಸಿದವರು ಬ್ರೂಟನ್. ಬ್ಲೇಕ್‌ನ ದಣಿವು ಅವರಿಗೆ ಪುಸ್ತಕದಿಂದ ಕಲಿಯಬೇಕಾದ ವಿಷಯವಾಗಿರಲಿಲ್ಲ. ಗಂಟಲಿನ ಕ್ಯಾನ್ಸರಿನಿಂದ ನರಳುತ್ತಲೇ ಅವರು ಈ ಕೆಲಸ ಮಾಡಿದರು. 2009ರ ಮೇ ತಿಂಗಳಿನಲ್ಲಿ, ಚಿತ್ರ ತೆರೆಗೆ ಬರುವ ಮುಂಚೆಯೇ, 60ನೇ ವಯಸ್ಸಿನಲ್ಲಿ ತೀರಿಕೊಂಡರು. ಚಿತ್ರವನ್ನು ಅವರಿಗೇ ಅರ್ಪಿಸಲಾಗಿದೆ. ರಯಾನ್ ಬಿಂಗಮ್ ಮತ್ತು ಬರ್ನೆಟ್ ಕಟ್ಟಿದ ‘ದಿ ವೇರಿ ಕೈಂಡ್’ ಹಾಡಿಗೆ ಆಸ್ಕರ್ ಬಂತು.

ಸಾಂಟಾ ಫೆಯಲ್ಲಿ ಸಂದರ್ಶನಕ್ಕೆಂದು ಬರುವ ಪತ್ರಕರ್ತೆ ಜೀನ್, ಅವಳ ನಾಲ್ಕು ವರ್ಷದ ಮಗ ಬಡ್ಡಿ, ಅವರಿಬ್ಬರಿಗಾಗಿ ಬದಲಾಗಬೇಕೆಂದು ಬ್ಲೇಕ್ ಪಡುವ ಆಸೆ, ಇವೆಲ್ಲ ನಾವು ಊಹಿಸಬಲ್ಲ ದಾರಿಯಲ್ಲೇ ಸಾಗುತ್ತವೆ. ಕುಡಿತ ಬಿಡಿಸುವ ಕೇಂದ್ರದ ಭಾಗವಂತೂ ತೀರಾ ಅವಸರದಲ್ಲಿ ಮುಗಿಯುತ್ತದೆ. ಅಷ್ಟು ವರ್ಷಗಳ ಚಟ ಅಷ್ಟು ಬೇಗ ಕಳಚುತ್ತದೆಂದು ನಂಬಲು ನನಗೆ ಕಷ್ಟ. ಆದರೆ ಮುಖ್ಯವಾದ ಒಂದು ಕಡೆ ಚಿತ್ರ ಎಡವುವುದಿಲ್ಲ. ಕುಡಿತ ಬಿಟ್ಟವನಿಗೆ ಬಹುಮಾನವೆಂದು ಜೀನ್‌ಳನ್ನು ವಾಪಸು ಕೊಡುವುದಿಲ್ಲ, ತಾರಾಪಟ್ಟವನ್ನೂ ಕೊಡುವುದಿಲ್ಲ. ತನ್ನ ಬದುಕಿನ ಅತಿ ಒಳ್ಳೆಯ ಹಾಡನ್ನು ಬರೆದು ಮುಗಿಸಿದ ಬ್ಲೇಕ್ ಅದನ್ನು ಟಾಮಿಗೆ ಹಾಡಲು ಕೊಡುತ್ತಾನೆ. ಅದರಿಂದ ಬಂದ ಹಣದ ಚೆಕ್ಕನ್ನು ಬಡ್ಡಿಗೆಂದು ಜೀನ್ ಕೈಗಿಡುತ್ತಾನೆ. ಅವಳ ಬೆರಳಲ್ಲಿ ಆಗಲೇ ಬೇರೊಬ್ಬನ ಉಂಗುರ ಇದೆ.

ಚಿತ್ರದಲ್ಲಿ ಹ್ಯೂಸ್ಟನ್ನಿನ ಬಾರು ನಡೆಸುವ ವೇಯ್ನ್ ಎಂಬ ಹಳೆಯ ಗೆಳೆಯನಿದ್ದಾನೆ. ಆ ಪಾತ್ರ ಮಾಡಿದವರು ರಾಬರ್ಟ್ ಡುವಾಲ್, ಚಿತ್ರದ ನಿರ್ಮಾಪಕರಲ್ಲಿಯೂ ಒಬ್ಬರು. ಈ ಮುಖದ ಹಿಂದೆ ಇನ್ನೊಂದು ಚಿತ್ರವೇ ಇದೆ: ಹಾರ್ಟನ್ ಫುಟ್ ಬರೆದು, ಆಸ್ಟ್ರೇಲಿಯಾದ ಬ್ರೂಸ್ ಬೆರೆಸ್‌ಫರ್ಡ್ ನಿರ್ದೇಶಿಸಿದ, 1983ರ ‘ಟೆಂಡರ್ ಮರ್ಸೀಸ್’. ಅದರಲ್ಲಿ ಡುವಾಲ್ ಮ್ಯಾಕ್ ಸ್ಲೆಡ್ಜ್ ಎಂಬ ಕುಡಿದು ಹಾಳಾದ ಕಂಟ್ರಿ ಗಾಯಕ. ಟೆಕ್ಸಸ್ಸಿನ ಬಯಲಿನ ಮೋಟೆಲಿನಲ್ಲಿ ಬಾಡಿಗೆ ಕೊಡಲು ದುಡ್ಡಿಲ್ಲದೆ, ಅದನ್ನು ನಡೆಸುವ ವಿಧವೆಯ ಬಳಿ ಕೆಲಸಕ್ಕೆ ನಿಲ್ಲುತ್ತಾನೆ. ಸ್ಟುಡಿಯೊಗೆ ಆ ಚಿತ್ರದಲ್ಲಿ ನಂಬಿಕೆ ಇರಲಿಲ್ಲ, ಬೆರಳೆಣಿಕೆಯ ಚಿತ್ರಮಂದಿರಗಳಲ್ಲಿ ಬಿಟ್ಟು ಸುಮ್ಮನಾಯಿತು. ಕೇಬಲ್ ಟಿವಿ, ವಿಡಿಯೊ ಕ್ಯಾಸೆಟ್ಟುಗಳೇ ಅದನ್ನು ಜನರ ಬಳಿಗೆ ಒಯ್ದವು. ಡುವಾಲ್‌ಗೆ ಅದೇ ಪಾತ್ರಕ್ಕೆ ಆಸ್ಕರ್ ಬಂತು. ಅಲ್ಲೂ ಅವರು ತಾವೇ ಹಾಡಿದ್ದಾರೆ. ಆ ಚಿತ್ರ ಮಾತನ್ನು ಇನ್ನೂ ಕಡಿಮೆ ಮಾಡಿದೆ, ನನ್ನ ಲೆಕ್ಕದಲ್ಲಿ ಎರಡರ ಪೈಕಿ ಹೆಚ್ಚಿನದು ಅದೇ. ಮ್ಯಾಕ್‌ನ ಮದುವೆಯನ್ನೇ ತೋರಿಸದೆ ಮುಂದಕ್ಕೆ ಹೋಗುವ ಧೈರ್ಯ ಅದಕ್ಕಿದೆ.

ಎರಡನ್ನೂ ಒಂದೇ ವಾರಾಂತ್ಯದಲ್ಲಿ ನೋಡಬಹುದು, ಒಟ್ಟು ಹೆಚ್ಚುಕಡಿಮೆ ಮೂರೂವರೆ ಗಂಟೆ. ಮೊದಲು ಮ್ಯಾಕ್‌ನನ್ನು ನೋಡಿ, ಆಮೇಲೆ ಬ್ಲೇಕ್‌ನನ್ನು. ಆಗ ವೇಯ್ನ್ ಮೀನು ಹಿಡಿಯಲು ಗೆಳೆಯನನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ, ತನ್ನ ಪಾಡಿಗೆ ಒಂದು ಹಾಡು ಗುನುಗುವಾಗ ಆ ದನಿಯ ಗುರುತು ನಿಮಗೆ ಹತ್ತುತ್ತದೆ.