ಕೊಟ್ಟಿಗೆ ಈಗ ಖೋಲಿ ಆಯಿತು, ಥಂಡಿಗೆ ಯಾವ ಗ್ಯಾಸ್ ಹೀಟರ್?

ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮೇಲೆ ಹುಮನಾಬಾದ್, ಬಸವಕಲ್ಯಾಣ ಕಡೆ ಬಹಳ ಮನೆಗಳಲ್ಲಿ ಕೊಟ್ಟಿಗೆ ಖಾಲಿ ಬಿದ್ದಿದೆ. ಅದಕ್ಕೇ ಫರಸಿ ಹಾಕಿಸಿ, ಬಾಗಿಲು ಕೂರಿಸಿ, ಟಿವಿ ಇಟ್ಟು ಮನೆಮಂದಿ ಕೂರುವ ಖೋಲಿ ಮಾಡಿಕೊಂಡವರು ಅನೇಕರು. ಬೇಸಿಗೆಗೆ ಕೂಲರ್ ಇಟ್ಟರೆ ನಡೆಯುತ್ತದೆ. ಕಷ್ಟ ಬರುವುದು ಡಿಸೆಂಬರ್‌ನಲ್ಲಿ. ಮಾಣಿಕನಗರದ ದತ್ತ ಜಯಂತಿ ಜಾತ್ರೆಗೆ ನೆಂಟರು ಬರುತ್ತಾರೆ, ತೊಗರಿ ರಾಶಿ ಶುರುವಾಗಿರುತ್ತದೆ, ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಬೀದರ್ ಜಿಲ್ಲೆಗೆ ಹೊಸದಲ್ಲ. ಮೇಲೆ ಪತ್ರಾ, ಕೆಳಗೆ ಫರಸಿ. ಅಜ್ಜ ಅಜ್ಜಿ ರಾತ್ರಿಯೆಲ್ಲ ಕೆಮ್ಮುತ್ತಾರೆ.

‘ಕಡಿಮೆ ರೇಟಿನ ಗ್ಯಾಸ್ ಹೀಟರ್ ಯಾವುದು ತರಲಿ?’ ಅಂತ ಪ್ರತಿ ಚಳಿಗಾಲ ಕೇಳುತ್ತಾರೆ. ನನ್ನ ಉತ್ತರ ಅಂಗಡಿಯವರ ಉತ್ತರಕ್ಕಿಂತ ಬೇರೆ. ಅಂಗಡಿಗೆ ಹೋಗುವ ಮೊದಲು ಮೊಬೈಲ್‌ನ ಕ್ಯಾಲ್ಕುಲೇಟರ್ ತೆಗೆಯಿರಿ.

ಒಂದು ಕೆಜಿ ಎಲ್‌ಪಿಜಿ ಉರಿದರೆ ಬರುವ ಶಾಖ ಸುಮಾರು 12.8 ಯೂನಿಟ್ ಕರೆಂಟಿನ ಶಾಖಕ್ಕೆ ಸಮ. ಅಂದರೆ 5 ಕೆಜಿ ಸಿಲಿಂಡರ್‌ನಲ್ಲಿ 64 ಯೂನಿಟ್‌ನಷ್ಟು ಶಾಖ ಇದೆ. ನಿಮ್ಮ ಬಿಲ್ಲಿನಲ್ಲಿರುವ ಯೂನಿಟ್ ದರವನ್ನು 64ರಿಂದ ಗುಣಿಸಿ, ನಿಮ್ಮೂರಿನ 5 ಕೆಜಿ ಸಿಲಿಂಡರ್ ರೇಟಿನ ಪಕ್ಕ ಇಟ್ಟು ನೋಡ್ರಿ. ಅಡುಗೆಮನೆಯ 14.2 ಕೆಜಿ ಸಿಲಿಂಡರ್ ಹಿಡಿದು ಲೆಕ್ಕ ಹಾಕಬೇಡಿ. ಅದು ಅಡುಗೆಗೆಂದು ಕೊಡುವುದು, ನಿಯಮದ ಪ್ರಕಾರ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಹೀಟರ್‌ಗೆ ಕಮರ್ಷಿಯಲ್ ರೇಟಿನ ಸಿಲಿಂಡರೇ ಬೇಕು. ಇಷ್ಟು ಲೆಕ್ಕ ಹಾಕಿದ ಮೇಲೂ ಗ್ಯಾಸೇ ಅಗ್ಗ ಅನ್ನುವವರು ಕಡಿಮೆ.

ಆದರೆ ಕರೆಂಟಿಗೂ ಒಂದು ತೊಡಕಿದೆ. 2 ಕಿಲೋವ್ಯಾಟ್ ಹೀಟರ್ ದಿನಾ 3 ತಾಸು ಹಚ್ಚಿದರೆ 6 ಯೂನಿಟ್, ತಿಂಗಳಿಗೆ 180. ಗೃಹಜ್ಯೋತಿಯಲ್ಲಿ ಇರುವವರು ತಿಂಗಳ ಬಳಕೆ 200 ಯೂನಿಟ್ ದಾಟಿಸಿದರೆ ಆ ತಿಂಗಳ ಪೂರ್ತಿ ಬಿಲ್ ತಾವೇ ಕಟ್ಟಬೇಕು. ಇನ್ನೊಂದು, ಹಳೇ ಕೊಟ್ಟಿಗೆಗೆ ಎಳೆದ ವೈರ್ ಒಂದು ಬಲ್ಬಿಗಾಗಿ ಎಳೆದದ್ದು. 2 ಕಿಲೋವ್ಯಾಟ್ ಹೀಟರ್ ಸುಮಾರು 9 ಆಂಪ್ಸ್ ಎಳೆಯುತ್ತದೆ. ಹೊಸ ವೈರ್, 16 ಆಂಪ್ಸ್ ಪ್ಲಗ್, ಅರ್ಥಿಂಗ್ ಇಲ್ಲದೆ ಹಚ್ಚಲೇಬೇಡಿ. ರಾತ್ರಿ ವೋಲ್ಟೇಜ್ ಬೀಳುವ, ಕರೆಂಟ್ ಹೋಗುವ ತೋಟದ ಮನೆಗಳಲ್ಲಿ ಗ್ಯಾಸ್ ಬೇಕು ಅನ್ನಿಸುವುದು ಸಹಜವೇ.

ಹಾಗಾದರೆ ಯಾವುದು? ಗಾಲಿ ಇರುವ ಪೆಟ್ಟಿಗೆಯಂಥದ್ದು, ಹಿಂದೆ ಸಿಲಿಂಡರ್ ಇಡುವ ಜಾಗ, ಮುಂದೆ ಕೆಂಪಗೆ ಕಾಯುವ ಮೂರು ಸೆರಾಮಿಕ್ ಪ್ಲೇಟ್. ಒಂದೊಂದೇ ಪ್ಲೇಟ್ ಹಚ್ಚಿಕೊಳ್ಳಬಹುದು. 10 ಅಡಿ 12 ಅಡಿಯ ಖೋಲಿಗೆ ಒಂದು ಪ್ಲೇಟ್ ಸಾಕು, ಅದಕ್ಕೆ ತಾಸಿಗೆ ಸುಮಾರು 100 ಗ್ರಾಂ ಗ್ಯಾಸ್ ಹೋಗುತ್ತದೆ. ದಿನಾ 3 ತಾಸಿನಂತೆ 5 ಕೆಜಿ ಸಿಲಿಂಡರ್ 16 ದಿನ ಬರುತ್ತದೆ.

ಬಣ್ಣ, ಗಾಲಿ ನೋಡುವ ಮೊದಲು ಅಂಗಡಿಯವರಿಗೆ ಎರಡು ಪ್ರಶ್ನೆ ಕೇಳಿ. ಆಮ್ಲಜನಕ ಕಡಿಮೆಯಾದರೆ ತಾನೇ ಬಂದ್ ಆಗುವ ಸೆನ್ಸರ್ ಇದೆಯಾ? ಉರಿ ಆರಿದರೆ ಗ್ಯಾಸ್ ನಿಲ್ಲಿಸುವ ವಾಲ್ವ್ ಇದೆಯಾ? ಪೆಟ್ಟಿಗೆಯ ಮೇಲೆ ಓ.ಡಿ.ಎಸ್. ಅಂತ ಬರೆದಿರುತ್ತದೆ. ಇಲ್ಲ ಅಂದರೆ ಅರ್ಧ ರೇಟಿಗೆ ಕೊಟ್ಟರೂ ಬೇಡ. ಕೋಳಿ ಮರಿಗೆ ಕಾವು ಕೊಡುವ ಗ್ಯಾಸ್ ಬ್ರೂಡರ್ ಅಗ್ಗಕ್ಕೆ ಸಿಗುತ್ತದೆ ಅಂತ ತಂದು ಖೋಲಿಯಲ್ಲಿ ತೂಗುಹಾಕುವವರೂ ಇದ್ದಾರೆ. ಅದನ್ನು ಮಾಡಿರುವುದು ಗಾಳಿ ಆಡುವ ಶೆಡ್ಡಿಗೆ. ಸಿಲಿಂಡರ್ ತಲೆಯ ಮೇಲೇ ತಿರುಗಿಸಿ ಕೂರಿಸುವ ಹೀಟರ್, ಮದುವೆ ಮಂಟಪದ ಛತ್ರಿ ಹೀಟರ್, ಇವೂ ಹೊರಗಿನ ಬಯಲಿಗೇ.

ಸೆನ್ಸರ್ ಯಾಕೆ ಅಂದರೆ, ಮುಚ್ಚಿದ ಖೋಲಿಯಲ್ಲಿ ಉರಿ ಉರಿಯುತ್ತಾ ಆಮ್ಲಜನಕ ತಿನ್ನುತ್ತದೆ. ಅದು ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ವಾಕರಿಕೆ, ಮಂಪರು, ಆಮೇಲೆ ಏಳಲಿಕ್ಕೇ ಆಗುವುದಿಲ್ಲ. ತೊಗರಿ ಕಟ್ಟಿಗೆಯ ಕೆಂಡ ಶೆಗಡಿಯಲ್ಲಿ ತುಂಬಿ ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ಪ್ರತಿ ಚಳಿಗಾಲ ಎಲ್ಲಿಂದಾದರೂ ಬರುತ್ತದಲ್ಲ, ಕಾರಣ ಇದೇ. ಸೆನ್ಸರ್ ಇದ್ದರೂ ಮಲಗುವಾಗ ಹೀಟರ್ ಬಂದ್ ಮಾಡಲೇಬೇಕು, ಸಿಲಿಂಡರ್‌ನ ರೆಗ್ಯುಲೇಟರ್ ಸಮೇತ.

ಕೊಟ್ಟಿಗೆಯ ಖೋಲಿಯಲ್ಲಿ ಇನ್ನೊಂದು ಅಪಾಯ ಇದೆ, ಬೇರೆ ಮನೆಗಳಲ್ಲಿ ಇರುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೀರಿನಂತೆ ತಗ್ಗು ಹುಡುಕಿ ಹೋಗಿ ಕೂರುತ್ತದೆ. ಗಂಜಲ ಹರಿಯುತ್ತಿದ್ದ ಗಟಾರದ ಮೇಲೆ ಬರೀ ಫರಸಿ ಮುಚ್ಚಿದ್ದರೆ, ಗೋದಲಿ ಒಡೆಯದೆ ಹಾಗೇ ಬಿಟ್ಟಿದ್ದರೆ ಅಲ್ಲಿ ತುಂಬಿಕೊಳ್ಳುತ್ತದೆ. ಗಟಾರವನ್ನು ಕಾಂಕ್ರೀಟಿನಿಂದ ಪೂರ್ತಿ ತುಂಬಿಸಿ. ನೆಲದ ಹತ್ತಿರ ಒಂದು ಕಿಂಡಿ, ಮೇಲೆ ಪತ್ರಾದ ಹತ್ತಿರ ಒಂದು ಕಿಂಡಿ ಬಿಡಿ, ಜಾಳಿಗೆ ಹಾಕಿ. ‘ಕಿಂಡಿ ಬಿಟ್ಟರೆ ಶಾಖ ಹೋಗುತ್ತದಲ್ಲ’ ಅನ್ನುತ್ತೀರಿ. ಹೋಗುತ್ತದೆ. ಅದಕ್ಕೇ ಮೇಲಿನ ಲೆಕ್ಕದಲ್ಲಿ ಗ್ಯಾಸ್ ಇನ್ನೂ ತುಟ್ಟಿಯಾಗುವುದು.

ಒಂದು ಕೆಜಿ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಖೋಲಿಯಲ್ಲೇ ಉಳಿಯುತ್ತದೆ. ಮೂರು ತಾಸಿಗೆ ಅರ್ಧ ಲೀಟರ್ ಹತ್ತಿರ. ರಾತ್ರಿ ಪತ್ರಾ ತಣ್ಣಗಾದಾಗ ಅದೇ ನೀರು ಹನಿಹನಿಯಾಗಿ ಕೆಳಗೆ ಬೀಳುತ್ತದೆ. ಮೂಲೆಯಲ್ಲಿ ತೊಗರಿ ಚೀಲ, ಬಿತ್ತನೆ ಬೀಜ ಇಟ್ಟವರು ಬೇರೆ ಕಡೆ ಸಾಗಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಪೈಪ್ ಐಎಸ್ಐ ಗುರುತಿನ ಸುರಕ್ಷಾ ಪೈಪೇ ಇರಲಿ, 5 ವರ್ಷಕ್ಕೊಮ್ಮೆ ಬದಲಿಸಿ. ಜೋಡಣೆಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಿ, ಕಡ್ಡಿ ಗೀರಿ ನೋಡಬೇಡಿ. ಸೋರಿಕೆಯ ತುರ್ತು ನಂಬರ್ 1906, ಇವತ್ತೇ ಮೊಬೈಲ್‌ನಲ್ಲಿ ಸೇವ್ ಮಾಡಿ.

ನನ್ನನ್ನು ಕೇಳಿದರೆ ಆ ದುಡ್ಡಿನಲ್ಲಿ ಮೊದಲು ಪತ್ರಾದ ಕೆಳಗೆ ಹಲಗೆಯ ಅಟ್ಟ ಹೊಡೆಸುತ್ತೇನೆ, ಬಾಗಿಲಿಗೆ ದಪ್ಪ ಪರದೆ ಹಾಕುತ್ತೇನೆ. ಶಾಖ ಹೆಚ್ಚು ಹೋಗುವುದು ಮೇಲಿನಿಂದಲೇ. ಅಜ್ಜಿಗೆ ಮಲಗುವಾಗ ಬೇಕಾದದ್ದು ಹಾಸಿಗೆಯ ಬೆಚ್ಚಗೆ. 100 ವ್ಯಾಟ್‌ನ ಎಲೆಕ್ಟ್ರಿಕ್ ಹೊದಿಕೆ 8 ತಾಸು ಹಚ್ಚಿದರೂ ಒಂದು ಯೂನಿಟ್ ಆಗುವುದಿಲ್ಲ. ಅದನ್ನು ಮಡಚಿ ಹಾಸಬಾರದು, ಒದ್ದೆ ಆಗಬಾರದು. ಕರೆಂಟ್ ನಂಬಲಿಕ್ಕಾಗದ ಮನೆಗೆ ರಬ್ಬರಿನ ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ ಕಾಲ ಹತ್ತಿರ ಇಟ್ಟರೂ ನಡೆಯುತ್ತದೆ.